ನದಿಗೆ ಕೀಟನಾಶಕ ಸೇರಿದರೆ ದೂರು ಯಾರಿಗೆ, ಎಷ್ಟು ದಿನದೊಳಗೆ?

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತಕ್ಕೆ ಔಷಧಿ ಹೊಡೆದ ಬೆನ್ನಿಗೇ ಮಳೆ ಸುರಿದರೆ ಗದ್ದೆಯ ಬಸಿನೀರು ಹಳ್ಳ ಹಿಡಿದು ತುಂಗಭದ್ರೆಗೆ ಇಳಿಯುತ್ತದೆ. ಪಂಪು ತೊಳೆದ ನೀರು, ಕಾಲುವೆ ದಂಡೆಗೆ ಎಸೆದ ಖಾಲಿ ಬಾಟಲಿಗಳೂ ವಿಷ ಸೇರುವ ದಾರಿಗಳೇ. ಕೀಟನಾಶಕ ಘಟಕವಿದ್ದ ಕಡೆ ಅದರ ತ್ಯಾಜ್ಯವೂ ಸೇರಬಹುದು. ನದಿಯ ಕೆಳದಂಡೆಯ ಊರುಗಳು ಕುಡಿಯುವುದು ಈ ನೀರನ್ನೇ.

ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಈ ಹಕ್ಕು ಕೈಗೆ ದಕ್ಕಬೇಕಾದರೆ ವಿಷ ಎಲ್ಲಿಂದ ಬಂತು ಎಂಬುದನ್ನು ಮೊದಲು ಗುರುತಿಸಬೇಕು. ದೂರು ಯಾವ ಕಚೇರಿಗೆ ಹೋಗಬೇಕು ಎಂಬುದು ಅದರ ಮೇಲೆ ನಿಂತಿದೆ.

ಕಾರ್ಖಾನೆಯ ತ್ಯಾಜ್ಯ: ವಿಷಕಾರಿ ವಸ್ತುವನ್ನು ತಿಳಿದೂ ಹೊಳೆಗೆ, ಬಾವಿಗೆ ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಸಮಯ, ಜಾಗ, ಫೋಟೊ ಲಗತ್ತಿಸಿ. ನೀವೇ ಬಾಟಲಿಯಲ್ಲಿ ಹಿಡಿದ ನೀರು ಸುಳಿವಾಗಬಹುದು. ಆದರೆ ತ್ಯಾಜ್ಯನೀರಿನ ವರದಿ ಈ ಕಾಯ್ದೆಯಡಿ ಸಾಕ್ಷ್ಯವಾಗಲು 21ನೇ ಕಲಮಿನ ಕ್ರಮದಲ್ಲಿ, ನೋಟಿಸ್ ಕೊಟ್ಟು, ಮೊಹರು ಹಾಕಿ ಮಾದರಿ ತೆಗೆದಿರಬೇಕು. ಆದ್ದರಿಂದ ಸ್ಥಳಕ್ಕೆ ಬಂದು ಮಾದರಿ ತೆಗೆಯುವಂತೆ ದೂರಿನಲ್ಲೇ ಕೋರಿ.

ನಿಷೇಧಿತ ಅಥವಾ ನಕಲಿ ಔಷಧಿ ಮಾರಾಟ: ಇದು 1968ರ ಕೀಟನಾಶಕ ಕಾಯ್ದೆಯ ವಿಷಯ. ಎಂಡೋಸಲ್ಫಾನ್ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲೇ ನಿರ್ಬಂಧ ಹೇರಿದೆ. ಬಿಲ್ಲು, ಬ್ಯಾಚ್ ನಂಬರ್ ಜೋಪಾನವಾಗಿಟ್ಟು ಕೃಷಿ ಇಲಾಖೆಯ ಕೀಟನಾಶಕ ಪರಿವೀಕ್ಷಕರಿಗೆ ದೂರು ಕೊಡಿ. ಅವರು ಯಾರೆಂಬುದು ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಯುತ್ತದೆ.

ಕುಡಿಯುವ ನೀರು: ಗ್ರಾಮ ಪಂಚಾಯಿತಿಗೆ ಬರೆದು, ಪ್ರಯೋಗಾಲಯದಲ್ಲಿ ಕೀಟನಾಶಕ ಪರೀಕ್ಷೆಯೇ ಆಗಲಿ ಎಂದು ಕೇಳಿ. ಫ್ಲೋರೈಡ್, ನೈಟ್ರೇಟ್ ನೋಡುವ ಊರಿನ ಕಿಟ್ ಇದನ್ನು ಹಿಡಿಯದು. ಐಎಸ್ 10500 ಮಾನದಂಡದಂತೆ ಮೋನೋಕ್ರೋಟೋಫಾಸ್ ಲೀಟರಿಗೆ 1 ಮೈಕ್ರೋಗ್ರಾಂ, ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ ಮೀರಬಾರದು.

ಉತ್ತರ ಬಾರದಿದ್ದರೆ: 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಪರೀಕ್ಷಾ ವರದಿ, ಕೈಗೊಂಡ ಕ್ರಮದ ಪ್ರತಿ ಕೇಳಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. 30 ದಿನದೊಳಗೆ ಮಾಹಿತಿ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಹಸಿರು ನ್ಯಾಯಮಂಡಳಿ: ಕರ್ನಾಟಕ ಚೆನ್ನೈನ ದಕ್ಷಿಣ ಪೀಠದ ವ್ಯಾಪ್ತಿಗೆ ಬರುತ್ತದೆ. ಮಾಲಿನ್ಯ ತಡೆಯಲು ಅರ್ಜಿಗೆ 6 ತಿಂಗಳ ಗಡುವು, ಪರಿಹಾರ ಕೇಳಲು 5 ವರ್ಷ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು. ಮೀನು ಸತ್ತು, ದನಕರು ಸತ್ತು ನಷ್ಟವಾಗಿದ್ದರೆ ಪಶುವೈದ್ಯರ ವರದಿ ಮೊದಲ ದಿನವೇ ಮಾಡಿಸಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

ಸಾವಿರಾರು ಗದ್ದೆಗಳಿಂದ ಬಸಿದು ಬರುವ ವಿಷಕ್ಕೆ ಒಬ್ಬರನ್ನೇ ಹೊಣೆ ಮಾಡಲು ಬಾರದು. ಅಲ್ಲಿ ಕರ್ತವ್ಯ ನಮ್ಮೆಲ್ಲರದು. ಔಷಧಿ ಹೊಡೆಯುವವರು ಡಬ್ಬಿ, ಉಳಿಕೆ, ತೊಳೆದ ನೀರು ಯಾವುದನ್ನೂ ನೀರಿನ ಮೂಲಕ್ಕೆ ಸೇರಗೊಡಬಾರದೆಂದು 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಹೇಳುತ್ತದೆ. ಬರುವ ಗ್ರಾಮಸಭೆಯಲ್ಲಿ ಖಾಲಿ ಡಬ್ಬಿ ವಿಲೇವಾರಿ ಮತ್ತು ವರ್ಷಕ್ಕೊಮ್ಮೆ ಕೀಟನಾಶಕ ಪರೀಕ್ಷೆಗೆ ನಿರ್ಣಯ ಮಾಡಿಸಿ, ಅದರ ನಕಲನ್ನು ಪಡೆದುಕೊಳ್ಳಿ.