ತಲೆಯೆತ್ತಿ ನೋಡಿ ಮುಂಗಡ ಕೊಡು

ಮಗಳೇ, ನೀನೂ ಅಳಿಯಂದಿರೂ ನೆಲಮಂಗಲದ ಕಡೆ ನೋಡಿಕೊಂಡು ಬಂದ ಸೈಟಿನ ಕಾಗದಗಳನ್ನೆಲ್ಲ ಓದಿದೆ. ವಕೀಲರು ಹೇಳಿದ್ದರಲ್ಲಿ ತಪ್ಪಿಲ್ಲ. ಮೂಲಪತ್ರ ಸರಿಯಿದೆ, ಋಣಭಾರ ಪತ್ರ (ಇ.ಸಿ.) ಸರಿಯಿದೆ, ಖಾತೆಯೂ ಆಗಿದೆ, ಕಂದಾಯವೂ ಕಟ್ಟಿದ್ದಾರೆ. ಆದರೆ ನೀನು ಕಳಿಸಿದ ಫೋಟೊದ ಬಲ ಮೂಲೆಯಲ್ಲಿ ಒಂದು ಟವರಿನ ತೋಳು ಕಾಣುತ್ತಿದೆ. ಪಕ್ಕದ ಬಡಾವಣೆಗಿಂತ ಇಲ್ಲಿ ಚದರಡಿಗೆ ಇಷ್ಟೊಂದು ಕಡಿಮೆ ಯಾಕೆ ಎಂದು ಕೇಳಿದ್ದೆಯಲ್ಲ, ಉತ್ತರ ಅಲ್ಲೇ ಇದೆ. ಲೈನಿನ ಕೆಲಸದಲ್ಲೇ ಕೂದಲು ನರೆತವನು ನಾನು. ಇದನ್ನು ನಿನಗೆ ಬಿಡಿಸಿ ಹೇಳುವುದು ದೊಡ್ಡಪ್ಪನಾದ ನನ್ನ ಕೆಲಸ.

ಮೇಲೆ ಹಾದುಹೋಗುವ ತಂತಿ ಸಾಮಾನ್ಯವಾಗಿ ಕಾಗದದಲ್ಲಿ ಕಾಣಿಸುವುದಿಲ್ಲ. ಕಾಲುವೆಗೋ ಹೆದ್ದಾರಿಗೋ ಜಮೀನು ಬೇಕಾದರೆ ಸರ್ಕಾರ ಅದನ್ನು ಸ್ವಾಧೀನ ಮಾಡಿಕೊಳ್ಳುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ವಿದ್ಯುತ್ ಮಾರ್ಗದ ರೀತಿ ಬೇರೆ. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದ ಬಂದ ಅಧಿಕಾರವೊಂದಿದೆ, 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಅದನ್ನು ವಿದ್ಯುತ್ ಸಂಸ್ಥೆಗಳಿಗೆ ದಾಟಿಸುತ್ತದೆ. ಅದರ ಬಲದ ಮೇಲೆ ಟವರ್ ನಿಲ್ಲಿಸಿ ತಂತಿ ಎಳೆಯುತ್ತಾರೆ. ಜಮೀನಿನ ಒಡೆತನ ಮಾತ್ರ ರೈತನ ಹೆಸರಿನಲ್ಲೇ ಉಳಿಯುತ್ತದೆ. ಕಟ್ಟಡ ಕಟ್ಟುವ ಹಕ್ಕು ಹೋಯಿತಲ್ಲ ಎಂದು ಪರಿಹಾರ ಕೊಡುತ್ತಾರೆ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರಿನ ಬುಡಕ್ಕೆ ಜಮೀನಿನ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತ್ತು. 2024ರಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿದರು. ರೈತನಿಗೆ ಅದು ನ್ಯಾಯವಾಗಿ ಬರಬೇಕಾದ ಹಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಜಮೀನು ಮುಂದೆ ಬಡಾವಣೆಯಾಗಿ ನಿನ್ನ ಕೈಗೆ ಬಂದಾಗ ನಿನಗೆ ಬರುವುದು ಕಟ್ಟಲಾಗದ ನೆಲ. ಪರಿಹಾರವನ್ನು ಯಾರೋ ಯಾವಾಗಲೋ ತೆಗೆದುಕೊಂಡಾಗಿರುತ್ತದೆ. ಮೂವತ್ತು ವರ್ಷದ ಇ.ಸಿ. ತೆಗೆಸಿದರೂ ಇದು ಸಿಗುವುದಿಲ್ಲ. ವಕೀಲರು ಮೇಜಿನ ಮುಂದೆ ಕೂತು ಕಾಗದ ನೋಡುತ್ತಾರೆ. ಆಕಾಶವನ್ನು ನೀನೇ ನೋಡಬೇಕು.

ಮೊದಲು ಅದು ಎಷ್ಟು ಕೆ.ವಿ. ಲೈನು ಎಂದು ತಿಳಿದುಕೊ. ಟವರಿನ ಕಾಲಿಗೆ ತಲೆಬುರುಡೆಯ ಚಿತ್ರವಿರುವ ಅಪಾಯದ ಫಲಕ ಇರುತ್ತದೆ, ಅದರಲ್ಲಿ ಬರೆದಿರುತ್ತಾರೆ. ಟವರಿನ ನಂಬರನ್ನೂ ಗುರುತು ಹಾಕಿಕೊ, ಮುಂದೆ ಬೇಕಾಗುತ್ತದೆ. ಫಲಕ ತುಕ್ಕು ಹಿಡಿದು ಅಳಿಸಿದ್ದರೆ ತಂತಿಯನ್ನು ಹಿಡಿದು ತೂಗುವ ಪಿಂಗಾಣಿ ಬಿಲ್ಲೆಗಳನ್ನು ಎಣಿಸು. ಐದಾರು ಇದ್ದರೆ ಸಾಮಾನ್ಯವಾಗಿ 66 ಕೆ.ವಿ., ಹದಿಮೂರು ಹದಿನಾಲ್ಕು ಇದ್ದರೆ 220, ಇಪ್ಪತ್ತಮೂರರ ಆಸುಪಾಸಿದ್ದರೆ 400. ಒಂದೇ ಕಡೆ ಎರಡೆರಡು ತಂತಿ ಜೋಡಿಯಾಗಿ ಹೋಗಿದ್ದರೂ ಅದು ಬಹುತೇಕ 400ರದ್ದೇ. ನೆಲಮಂಗಲ, ಹೂಡಿ, ಸೋಮನಹಳ್ಳಿಗಳಲ್ಲಿ 400 ಕೆ.ವಿ. ಸ್ಟೇಷನ್‌ಗಳಿರುವುದರಿಂದ ಆ ಸುತ್ತಲಿನ ಊರುಗಳ ಮೇಲೆ ಎಲ್ಲ ಗಾತ್ರದ ಲೈನುಗಳೂ ಹಾದುಹೋಗುತ್ತವೆ.

ಅಳತೆಯ ವಿಷಯದಲ್ಲಿ ದಲ್ಲಾಳಿಗಳು ಜನರನ್ನು ದಾರಿ ತಪ್ಪಿಸುತ್ತಾರೆ. ಇದನ್ನು ನಿಧಾನವಾಗಿ ಓದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ 220 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 3.8 ಮೀಟರ್ ಅಂತರ ಇರಬೇಕು. ದಲ್ಲಾಳಿ ಈ ಸಂಖ್ಯೆಯನ್ನು ತೋರಿಸಿ, ತಂತಿಯ ನೇರ ಕೆಳಗಿನಿಂದ ಹನ್ನೆರಡು ಹದಿಮೂರು ಅಡಿ ಅಳೆದು, ‘ನೋಡಿ ಅಕ್ಕಾ, ಕಾನೂನು ಪ್ರಕಾರ ಬಿಟ್ಟಿದ್ದೇವೆ’ ಎನ್ನುತ್ತಾನೆ. ಆದರೆ ನಿಯಮ ಹೇಳುವ ಅಂತರವನ್ನು ಗಾಳಿಗೆ ತಂತಿ ಪೂರ್ತಿ ಓಲಾಡಿ ಬದಿಗೆ ಬಂದಾಗ ಎಲ್ಲಿರುತ್ತದೋ ಅಲ್ಲಿಂದ ಲೆಕ್ಕ ಹಾಕಬೇಕು. ಎರಡು ಟವರುಗಳ ನಟ್ಟನಡುವೆ ಈ ಓಲಾಟ ಹಲವು ಮೀಟರ್ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಲೋಡು ಹೆಚ್ಚಾಗಿ ತಂತಿ ಕಾದಾಗ ಅದು ಕೆಳಗೂ ಜೋಲುತ್ತದೆ. ಜನರಿಗೆ ಟವರಿನ ಹತ್ತಿರ ಹೆದರಿಕೆ, ನಡುವೆ ಧೈರ್ಯ. ನಿಜವಾಗಿ ಹೆಚ್ಚು ಜಾಗ ಬೇಕಾಗುವುದು ನಡುವೆಯೇ.

ಇದನ್ನೆಲ್ಲ ಸೇರಿಸಿಯೇ ಮಾರ್ಗದ ಪಟ್ಟಿಯ ಅಗಲವನ್ನು ಗೊತ್ತು ಮಾಡಿದ್ದಾರೆ. 66 ಕೆ.ವಿ.ಗೆ 18 ಮೀಟರ್, 110ಕ್ಕೆ 22, 220ಕ್ಕೆ 35, ಎರಡು ಸರ್ಕ್ಯೂಟಿನ 400ಕ್ಕೆ 46. ಇದರಲ್ಲಿ ಅರ್ಧ ಟವರಿನ ಮಧ್ಯರೇಖೆಯಿಂದ ಈ ಕಡೆ, ಅರ್ಧ ಆ ಕಡೆ. ಅಂದರೆ ನಿನ್ನ ಫೋಟೊದಲ್ಲಿರುವುದು 220 ಆಗಿದ್ದರೆ ಮಧ್ಯರೇಖೆಯಿಂದ ಹದಿನೇಳೂವರೆ ಮೀಟರ್, ಸುಮಾರು 57 ಅಡಿ ದೂರದವರೆಗೆ ಮನೆ ಏಳಬಾರದು. ಮೂವತ್ತು ನಲವತ್ತರ ಸೈಟು ಪೂರ್ತಿಯಾಗಿ ಅದರೊಳಗೆ ಮುಳುಗಿಹೋಗಬಹುದು. ನಗರದೊಳಗೆ ಒಂಟಿ ಕಂಬದ ಮೊನೊಪೋಲ್ ಹಾಕಿರುವಲ್ಲಿ ಅಗಲ ಕಡಿಮೆ ಇರಬಹುದು. ಅದನ್ನು ಲೈನಿನವರೇ ಬರೆದುಕೊಡಬೇಕು, ದಲ್ಲಾಳಿಯ ಬಾಯಿಮಾತು ನಡೆಯುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಬೆಂಗಳೂರಿನ ಸುತ್ತ ಹೊಸದಾಗಿ ಟವರ್ ಹಾಕಲು ಜಾಗ ಸಿಗುವುದಿಲ್ಲ, ಆದ್ದರಿಂದ ಹಳೆಯ 66ರ ದಾರಿಯಲ್ಲೇ 220 ಎಳೆಯುವುದುಂಟು. ಇವತ್ತು 66ರ ಮಧ್ಯರೇಖೆಯಿಂದ ಮೂವತ್ತು ಅಡಿ ಬಿಟ್ಟು ನೆಮ್ಮದಿಯಾಗಿ ಮನೆ ಕಟ್ಟಿದವರು ಮುಂದೆ ಪಟ್ಟಿಯೊಳಗೆ ಸಿಕ್ಕಿಕೊಳ್ಳಬಹುದು. ಲೈನನ್ನು ಮೇಲ್ದರ್ಜೆಗೆ ಏರಿಸುವ ಯೋಜನೆ ಇದೆಯೇ ಎಂದು ವಿಚಾರಿಸದೆ ಅಂಚಿನ ಸೈಟು ತೆಗೆದುಕೊಳ್ಳಬೇಡ. ‘ಲೈನನ್ನು ಪಕ್ಕಕ್ಕೆ ಸರಿಸುತ್ತಾರೆ, ಭೂಮಿಯೊಳಗೆ ಹಾಕುತ್ತಾರೆ’ ಎಂಬ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಲೇಬೇಡ. ಸರಿಸುವ ಖರ್ಚನ್ನು ಕೇಳಿದವರೇ ಕಟ್ಟಬೇಕು, ಅದು ಒಂದು ಮನೆಯವರ ಕೈಲಾಗುವ ಮೊತ್ತವಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಸುಮಾರು 90 ಮೈಲಿ ಲೈನು ಎಳೆದ ನಾಡು ನಮ್ಮದು. ಇಲ್ಲಿ ಎಷ್ಟೋ ಕಡೆ ತಂತಿ ಮೊದಲು ಬಂತು, ಊರು ಆಮೇಲೆ ಬೆಳೆಯಿತು. ಮೊದಲೇ ಇದ್ದ ಲೈನಿನಿಂದ ಆಮೇಲೆ ಬಂದ ಕಟ್ಟಡವೇ ದೂರ ಇರಬೇಕು ಎನ್ನುತ್ತದೆ ನಿಯಮ.

ಆರೋಗ್ಯದ ಬಗ್ಗೆ ನೀನು ಕೇಳಿದ್ದು ಮಗುವನ್ನು ನೆನೆದು ಎಂದು ನನಗೆ ಗೊತ್ತು. 1979ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಒಂದು ಅಧ್ಯಯನ ವಿದ್ಯುತ್ ತಂತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೂ ನಂಟಿರಬಹುದು ಎಂದಿತು. ಅಲ್ಲಿಂದ ಈ ಭಯ ಶುರುವಾಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಂಥ ತಂತಿಗಳ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ‘ಕ್ಯಾನ್ಸರಿಗೆ ಕಾರಣ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಇರುವ ಗುಂಪು ಅದು. ಸಂಶಯ ಉಳಿದಿದೆ, ಕಾರಣ ಸಾಬೀತಾಗಿಲ್ಲ ಎಂದು ಅದರ ಅರ್ಥ. ಬ್ರಿಟನ್ನಿನಲ್ಲಿ 2005ರಲ್ಲಿ ಲೈನಿನ ಹತ್ತಿರ ಹುಟ್ಟಿದ ಮಕ್ಕಳಲ್ಲಿ ಈ ಕಾಯಿಲೆ ಸ್ವಲ್ಪ ಹೆಚ್ಚು ಎಂದು ಕಂಡುಬಂದಿತ್ತು. 2014ರಲ್ಲಿ ಇನ್ನೂ ಹೆಚ್ಚಿನ ವರ್ಷಗಳ ಲೆಕ್ಕ ಸೇರಿಸಿ ನೋಡಿದಾಗ ಇತ್ತೀಚಿನ ದಶಕಗಳಲ್ಲಿ ಆ ಹೆಚ್ಚಳ ಕಾಣಲಿಲ್ಲ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಿತಿ 200 ಮೈಕ್ರೋಟೆಸ್ಲಾ. ದೊಡ್ಡ ಲೈನಿನ ನೇರ ಕೆಳಗೆ ನಿಂತರೂ ಸಿಗುವುದು ಹೆಚ್ಚೆಂದರೆ 20ರ ಆಸುಪಾಸು, ದೂರ ಹೋದ ಹಾಗೆಲ್ಲ ಅದು ಬೇಗ ಇಳಿಯುತ್ತದೆ. ಆದ್ದರಿಂದ ಪಟ್ಟಿಯಿಂದ ಸಾಕಷ್ಟು ಆಚೆ ಇರುವ ಮನೆಯನ್ನು ಕ್ಯಾನ್ಸರಿನ ಭಯಕ್ಕೆ ಬಿಡು ಎಂದು ನಾನು ಹೇಳಲಾರೆ. ಹಾಗೆಂದು ಮಗುವಿನ ಮಲಗುವ ಕೋಣೆ ತಂತಿಯ ಪಕ್ಕಕ್ಕೇ ಬರುವ ಮನೆಯನ್ನು ತೆಗೆದುಕೋ ಎಂದೂ ಹೇಳಲಾರೆ. ಉಳಿದಿರುವ ಸಂಶಯವನ್ನು ನಾಲ್ಕು ಹೆಜ್ಜೆ ದೂರ ಹೋಗಿ ಕಳೆದುಕೊಳ್ಳಬಹುದಾದರೆ ದೂರ ಹೋಗುವುದೇ ಸರಿ.

ನನಗೆ ಕ್ಯಾನ್ಸರಿಗಿಂತ ಹೆಚ್ಚು ಭಯ ತಾರಸಿಯದ್ದು. ಈ ತಂತಿಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದಿಲ್ಲ, ಮುಟ್ಟದಿದ್ದರೂ ಹತ್ತಿರ ಬಂದರೆ ಸಾಕು, ವಿದ್ಯುತ್ತು ಗಾಳಿಯಲ್ಲೇ ಹಾರಿ ಬರುತ್ತದೆ. ಮೇಸ್ತ್ರಿಯ ಆಳು ಮೂರನೇ ಮಹಡಿಗೆ ಉದ್ದನೆಯ ಕಂಬಿ ಎತ್ತುವಾಗ ಅದರ ತುದಿ ಬದಿಗೆ ವಾಲುತ್ತದೆ. ಮಕ್ಕಳು ಸಿಕ್ಕಿಕೊಂಡ ಗಾಳಿಪಟವನ್ನು ಬಿಡಿಸಲು ಕೋಲು ಚಾಚುತ್ತಾರೆ. ನೆಲಮಹಡಿಯಾದ ಮೇಲೆ ಒಂದನೆಯದು, ಅದರ ಮೇಲೆ ಒಂದು ಕೋಣೆ, ಅದರ ಮೇಲೆ ನೀರಿನ ಟ್ಯಾಂಕು ಎಂದು ನಾವು ಏರಿಸುತ್ತಲೇ ಹೋಗುತ್ತೇವೆ. ಇವತ್ತು ಎತ್ತರದಲ್ಲಿರುವ ತಂತಿ ಹತ್ತು ವರ್ಷದಲ್ಲಿ ತಾರಸಿಯ ಎದೆಮಟ್ಟಕ್ಕೆ ಬರುತ್ತದೆ. ಕಟ್ಟಿರುವ ಮನೆಯನ್ನೇ ನೋಡಲು ಹೋದರೆ ಮೊದಲು ತಾರಸಿ ಹತ್ತು. ಮಳೆ ಬಂದು ನಿಂತ ಸಂಜೆಯೊಮ್ಮೆ ಹೋಗು, ಒದ್ದೆ ತಂತಿಯ ಚರಚರ ಸದ್ದು ರಾತ್ರಿಯೆಲ್ಲ ಕೇಳಿಸಿಕೊಂಡು ಮಲಗಬಲ್ಲೆಯಾ ಎಂದು ಗೊತ್ತಾಗುತ್ತದೆ. ಲೈನಿನ ಹತ್ತಿರದ ತಗಡಿನ ಚಾವಣಿ, ತಂತಿಬೇಲಿ, ಬಟ್ಟೆ ಒಣಹಾಕುವ ತಂತಿಗಳಿಗೆ ಅರ್ಥಿಂಗ್ ಮಾಡಿಸಿದ್ದಾರೆಯೇ ನೋಡು. ಇಲ್ಲದಿದ್ದರೆ ಕೈಗೆ ಚುರುಕ್ಕೆನ್ನುತ್ತದೆ.

ಬೆಲೆಯದು ಸಣ್ಣ ಮಾತು. ಈಗ ನಿನಗೆ ಸಿಗುವ ರಿಯಾಯಿತಿಯನ್ನು ನಾಳೆ ಮಾರುವಾಗ ನೀನೂ ಕೊಡಬೇಕಾಗುತ್ತದೆ, ಸಾಲ ಕೊಡುವ ಬ್ಯಾಂಕಿನ ಇಂಜಿನಿಯರೂ ತಂತಿ ನೋಡಿ ತಕರಾರು ತೆಗೆಯಬಹುದು.

ಮುಂದಿನ ವಾರ ಹೀಗೆ ಮಾಡು. ಅನುಮೋದಿತ ಬಡಾವಣೆ ನಕ್ಷೆ ತರಿಸಿ ಅದರಲ್ಲಿ ಹೈಟೆನ್ಷನ್ ಲೈನಿನ ಪಟ್ಟಿ ಬಿಟ್ಟಿದ್ದಾರೆಯೇ ನೋಡು. ಆ ಪಟ್ಟಿಯನ್ನು ರಸ್ತೆಗೋ ಉದ್ಯಾನಕ್ಕೋ ಬಿಟ್ಟಿದ್ದರೆ ಒಳ್ಳೆಯದು, ಸೈಟುಗಳಾಗಿ ಕತ್ತರಿಸಿದ್ದರೆ ಅಲ್ಲಿಗೇ ನಿಲ್ಲಿಸು. ಸರ್ವೇಯರನ್ನು ಕರೆದು ಎರಡು ಟವರುಗಳ ಮಧ್ಯರೇಖೆಯಿಂದ ಸೈಟಿನ ಹತ್ತಿರದ ಮೂಲೆಗೆ ಟೇಪು ಹಿಡಿಸು. ಟವರಿನ ನಂಬರು ಮತ್ತು ನಕ್ಷೆ ಇಟ್ಟು ಕೆಪಿಟಿಸಿಎಲ್‌ನ ಪ್ರಸರಣ ವಿಭಾಗದ ಕಚೇರಿಗೆ ಅರ್ಜಿ ಕೊಡು, ಲೈನು ಪವರ್ ಗ್ರಿಡ್‌ನದ್ದಾದರೆ ಅವರಿಗೆ. ಕಟ್ಟುವ ಮುಂಚೆ ವಿದ್ಯುತ್ ಪರಿವೀಕ್ಷಕರಿಗೂ ತಿಳಿಸಲೇಬೇಕು. ಉತ್ತರ ಬರಹದಲ್ಲಿ ಬರಲಿ. ಮಾರುವವರು ಅವಸರ ಮಾಡಿದರೆ ಒಪ್ಪಂದದಲ್ಲೇ ಒಂದು ಷರತ್ತು ಸೇರಿಸು: ‘ವಿದ್ಯುತ್ ಮಾರ್ಗದ ಕಾರಣದಿಂದ ಕಟ್ಟಡಕ್ಕೆ ಒಪ್ಪಿಗೆ ಸಿಗದಿದ್ದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು.’ ಈ ಸಾಲಿಗೆ ಸಹಿ ಹಾಕಲು ಒಪ್ಪದವರ ಸೈಟು ನಮಗೆ ಬೇಡ.