ಪ್ಲಗಿನ್ ಒಳಗಿನ ಒಂದೇ ಸಾಲು: ಫೈಲ್ ಇನ್‌ಕ್ಲೂಷನ್ ಅಂದ್ರೆ ಎಂತ?

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಯಾವ ಊರಲ್ಲಾದರೂ ಒಂದು ವೆಬ್‌ಸೈಟ್ ಬೇಕು ಅಂದ್ರೆ ಮೊದಲು ನೆನಪಾಗುವುದು ಇಂಜಿನಿಯರಿಂಗ್ ಓದುವ ಮಕ್ಕಳು. ದೇವಸ್ಥಾನದ ಬ್ರಹ್ಮಕಲಶೋತ್ಸವ, ಯುವಕ ಮಂಡಲದ ಬೆಳ್ಳಿಹಬ್ಬ, ಶಾಲೆಯ ಶತಮಾನೋತ್ಸವ, ಮಾವನ ಹೋಂಸ್ಟೇ. "ನಿಂಗೆ ಕಂಪ್ಯೂಟರ್ ಬತ್ತಲ್ದಾ, ಒಂದ್ ಸೈಟ್ ಮಾಡಿ ಕೊಡ್ ಮಾರಾಯ" ಅಂದ್ರೆ ಮುಗೀತು. ಎರಡು ರಾತ್ರಿಯಲ್ಲಿ ವರ್ಡ್‌ಪ್ರೆಸ್ ಹಾಕಿ, ಒಂದು ಥೀಮ್, ಹತ್ತು ಪ್ಲಗಿನ್ ಸೇರಿಸಿ ಸೈಟ್ ಎಬ್ಬಿಸುತ್ತೇವೆ. ಉತ್ಸವ ಮುಗಿಯುತ್ತದೆ, ನಮ್ಮ ಸೆಮಿಸ್ಟರ್ ಪರೀಕ್ಷೆ ಶುರುವಾಗುತ್ತದೆ, ಸೈಟ್ ಮಾತ್ರ ಹಾಗೇ ಓಡುತ್ತಿರುತ್ತದೆ. ಅದರೊಳಗೆ ಹೊರೆಕಾಣಿಕೆ ಕೊಟ್ಟವರ ಹೆಸರು, ಮುಂಬೈ-ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಊರಿನ ದಾನಿಗಳ ಫೋನ್ ನಂಬರ್, ಸೇವೆ ಬುಕ್ ಮಾಡಿದವರ ವಿಳಾಸ ಎಲ್ಲ ಇರುತ್ತವೆ.

ಇಂಥ ಸೈಟು ಒಡೆಯಲು ದೊಡ್ಡ ಹ್ಯಾಕರ್ ಬೇಕಾಗಿಲ್ಲ. ಯಾವುದೋ ಒಂದು ಪ್ಲಗಿನ್ನಿನ ಒಂದೇ ಸಾಲು ಸಾಕು. ಆ ಸಾಲು ಹೇಗಿರುತ್ತದೆ, ಅದನ್ನು ಹೇಗೆ ಸರಿ ಮಾಡುವುದು ಎಂಬುದೇ ಈ ಸಲದ ಪಾಠ.

ಇನ್‌ಕ್ಲೂಡ್ ಏನು ಮಾಡುತ್ತದೆ?

ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳ ಸರ್ವರ್ ಭಾಗ ಪಿಎಚ್‌ಪಿ ಭಾಷೆಯಲ್ಲಿದೆ. ದೊಡ್ಡ ಪ್ರೋಗ್ರಾಂ ಅನ್ನು ಸಣ್ಣ ಸಣ್ಣ ಫೈಲುಗಳಾಗಿ ಬರೆದು, ಬೇಕಾದಾಗ ಒಳಗೆ ಎಳೆದುಕೊಳ್ಳಲು ಇನ್‌ಕ್ಲೂಡ್, ರಿಕ್ವೈರ್ ಎಂಬ ಆಜ್ಞೆಗಳಿವೆ. ಸಿ ಭಾಷೆಯ ಇನ್‌ಕ್ಲೂಡ್ ಕಂಪೈಲ್ ಆಗುವ ಮೊದಲೇ ಮುಗಿದುಹೋಗುತ್ತದೆ. ಪಿಎಚ್‌ಪಿಯಲ್ಲಿ ಹಾಗಲ್ಲ. ಪ್ರೋಗ್ರಾಂ ಓಡುತ್ತಿರುವಾಗಲೇ ಇನ್‌ಕ್ಲೂಡ್ ನಡೆಯುತ್ತದೆ, ಫೈಲಿನ ಹೆಸರು ಒಂದು ವೇರಿಯಬಲ್ ಕೂಡ ಆಗಿರಬಹುದು. ಎಡವಟ್ಟು ಶುರುವಾಗುವುದು ಇಲ್ಲಿಂದ.

ಫೈಲನ್ನು ಓದುವುದು ಬೇರೆ, ಇನ್‌ಕ್ಲೂಡ್ ಮಾಡುವುದು ಬೇರೆ. ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ, ಪ್ರಸಂಗದ ಪುಸ್ತಕವನ್ನು ಮೂಲೆಯಲ್ಲಿ ಕೂತು ಓದಿದರೆ ಕಥೆ ಗೊತ್ತಾಗುತ್ತದೆ, ಅಷ್ಟೇ. ಅದೇ ಪದ್ಯವನ್ನು ಭಾಗವತರು ಹಾಡಿದರೆ ರಂಗದಲ್ಲಿ ವೇಷ ಕುಣಿಯುತ್ತದೆ. ಇನ್‌ಕ್ಲೂಡ್ ಅಂದ್ರೆ ಭಾಗವತರು ಹಾಡುವುದು. ಫೈಲಿನೊಳಗೆ ಪಿಎಚ್‌ಪಿ ಕೋಡ್ ಇದ್ದರೆ ಅದು ಸರ್ವರಿನಲ್ಲಿ ಓಡುತ್ತದೆ, ಇಲ್ಲದಿದ್ದರೆ ಇದ್ದ ಅಕ್ಷರಗಳೇ ಪರದೆಗೆ ಬರುತ್ತವೆ. ಈಗ ಪ್ರೇಕ್ಷಕರಲ್ಲಿ ಯಾರೋ ಒಬ್ಬರು ಕಳಿಸಿದ ಚೀಟಿಯಲ್ಲಿ ಏನಿದೆ ಅಂತ ನೋಡದೆ ಭಾಗವತರು ಹಾಡಿದರೆ? ಆಟ ಮೇಳದವರ ಕೈ ತಪ್ಪಿತು ಅಂತಲೇ ಅರ್ಥ.

ತಪ್ಪು ಸಾಲು ಕಾಂಬ

ಒಂದು ಮೇಳದ ಸೈಟ್ ಇದೆ ಅಂದುಕೊಳ್ಳಿ. ಪ್ರಸಂಗ, ಕಲಾವಿದರು, ಸಂಪರ್ಕ ಅಂತ ಮೂರು ಪುಟ. ಬ್ರೌಸರ್ ವಿಳಾಸದಲ್ಲಿ ಪುಟದ ಹೆಸರು ಬರುತ್ತದೆ. ಕೋಡಿನ ತಿರುಳನ್ನು ಕನ್ನಡದಲ್ಲೇ ಬರೆದರೆ ಹೀಗೆ:

ಹೆಸರು = ವಿಳಾಸದಿಂದ ಬಂದದ್ದು
ಇನ್‌ಕ್ಲೂಡ್ ( "ಪುಟಗಳು/" + ಹೆಸರು )

ಬರೆದವರ ಮನಸ್ಸಿನಲ್ಲಿ ಇದ್ದದ್ದು ಹೆಸರು. ಆದರೆ ಆಪರೇಟಿಂಗ್ ಸಿಸ್ಟಂಗೆ ಅದು ದಾರಿ. ../ ಅಂದ್ರೆ "ಈ ಫೋಲ್ಡರಿನಿಂದ ಒಂದು ಮೆಟ್ಟಿಲು ಹೊರಗೆ ಹೋಗು" ಅಂತ. ಹೆಸರಿನ ಜಾಗದಲ್ಲಿ ಯಾರಾದರೂ ../../ ಸೇರಿಸಿದರೆ ಪುಟಗಳ ಫೋಲ್ಡರಿನಿಂದ ಹೊರಬಿದ್ದು ಸರ್ವರಿನ ಬೇರೆ ಫೈಲುಗಳ ತನಕ ನಡೆದು ಹೋಗಬಹುದು. ಇದಕ್ಕೆ ಲೋಕಲ್ ಫೈಲ್ ಇನ್‌ಕ್ಲೂಷನ್ ಅಂತಾರೆ.

ಹೊರಗಿನ ಸರ್ವರಿನ ಫೈಲನ್ನೇ ಎಳೆದು ಓಡಿಸುವುದು ರಿಮೋಟ್ ಫೈಲ್ ಇನ್‌ಕ್ಲೂಷನ್. 2006ರಲ್ಲಿ ಬಂದ ಪಿಎಚ್‌ಪಿ 5.2ರಿಂದ ಅದಕ್ಕೆ ಬೇಕಾದ ಸೆಟ್ಟಿಂಗ್ ಮೊದಲೇ ಆಫ್ ಆಗಿರುತ್ತದೆ, 7.4ರಲ್ಲಿ ಅದನ್ನು ಬಳಸಬೇಡಿ ಎಂದೇ ಘೋಷಿಸಿದರು. ಹಾಗಾಗಿ ಇವತ್ತು ಹೆಚ್ಚು ಕಾಡುವುದು ಲೋಕಲ್. ಓವಾಸ್ಪ್ ಸಂಸ್ಥೆಯ 2007ರ ಟಾಪ್ 10 ಪಟ್ಟಿಯಲ್ಲಿ ಈ ಜಾತಿಯ ದೋಷಕ್ಕೆ 3ನೇ ಸ್ಥಾನವಿತ್ತು.

ಮೇಲ್ ಮಾಸ್ಟಾ ಪ್ಲಗಿನ್ನಿನ ಕಥೆ

ನಿಜವಾದ ಉದಾಹರಣೆಗೆ ಮೇಲ್ ಮಾಸ್ಟಾ ಎಂಬ ವರ್ಡ್‌ಪ್ರೆಸ್ ಪ್ಲಗಿನ್ ನೋಡೋಣ. ಸದಸ್ಯರಿಗೆ ಇಮೇಲ್ ಸುದ್ದಿಪತ್ರ ಕಳಿಸಲು ಇದ್ದ ಪ್ಲಗಿನ್ ಅದು. ಅದರ 1.0 ಆವೃತ್ತಿಯ ದೋಷ 2016ರಲ್ಲಿ ಬಯಲಾಯಿತು. ಸಿವಿಇ-2016-10956 ಎಂದು ಅದರ ದಾಖಲೆ ಇದೆ. ಎಷ್ಟು ಇಮೇಲ್ ಹೋಯಿತು ಅಂತ ಲೆಕ್ಕ ಹಾಕುವ ಒಂದು ಸಣ್ಣ ಫೈಲು. ಅದರ ಶುರುವಿನಲ್ಲೇ, ವಿಳಾಸದಲ್ಲಿ ಪಿ-ಎಲ್ ಎಂಬ ಹೆಸರಿನಲ್ಲಿ ಏನು ಬಂದರೂ ನೇರ ಇನ್‌ಕ್ಲೂಡ್! ಲಾಗಿನ್ ಆಗಿದ್ದಾರಾ ಅಂತ ಕೇಳಲಿಲ್ಲ, ಬಂದದ್ದು ಸರಿಯಾದ ಫೈಲಾ ಅಂತಲೂ ನೋಡಲಿಲ್ಲ. ನಮ್ಮ ಮೇಳದ ಸೈಟಿನ ಉದಾಹರಣೆಯಲ್ಲಿ ಕೊನೇಪಕ್ಷ "ಪುಟಗಳು/" ಎಂಬ ಮುಂಭಾಗವಾದರೂ ಇತ್ತು. ಇಲ್ಲಿ ಅದೂ ಇಲ್ಲ.

ಈ ಕಥೆಯಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಆ ಫೈಲನ್ನು ಬ್ರೌಸರ್‌ನಿಂದ ನೇರವಾಗಿ ಕರೆಯಬಹುದಿತ್ತು, ವರ್ಡ್‌ಪ್ರೆಸ್ ಮೂಲಕ ಹೋಗಬೇಕಾಗಿರಲಿಲ್ಲ. "ಆ ಪ್ಲಗಿನ್ ಡಿಆಕ್ಟಿವೇಟ್ ಮಾಡಿದ್ದೇನಲ್ಲ, ಇನ್ನೆಂತ ಹೆದರಿಕೆ?" ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಡಿಆಕ್ಟಿವೇಟ್ ಮಾಡಿದರೆ ವರ್ಡ್‌ಪ್ರೆಸ್ ಅದನ್ನು ಕರೆಯುವುದಿಲ್ಲ, ಅಷ್ಟೇ. ಫೈಲು ಮಾತ್ರ ಸರ್ವರಿನಲ್ಲೇ ಕೂತಿರುತ್ತದೆ, ವಿಳಾಸ ಗೊತ್ತಿದ್ದವರು ಯಾರು ಕರೆದರೂ ಓಡುತ್ತದೆ. ಡಿಲೀಟ್ ಮಾಡಿದರೆ ಮಾತ್ರ ಅದು ಹೋಯಿತು.

ಓದಿದರೆ ಏನು ನಷ್ಟ?

ವರ್ಡ್‌ಪ್ರೆಸ್‌ನಲ್ಲಿ ಎಲ್ಲರೂ ಹುಡುಕುವುದು ಕಾನ್ಫಿಗ್ ಫೈಲು. ಅದರಲ್ಲಿ ಡೇಟಾಬೇಸಿನ ಹೆಸರು, ಪಾಸ್‌ವರ್ಡ್, ಲಾಗಿನ್ ಕುಕಿಗಳ ರಹಸ್ಯ ಕೀಗಳು ಇವೆ. ಅದನ್ನು ಬರೀ ಇನ್‌ಕ್ಲೂಡ್ ಮಾಡಿದರೆ ಪಿಎಚ್‌ಪಿ ಅದನ್ನು ಓಡಿಸಿಬಿಡುತ್ತದೆ, ಒಳಗಿನ ಪಾಸ್‌ವರ್ಡ್ ಪರದೆಗೆ ಬರುವುದಿಲ್ಲ. ಅಬ್ಬ, ಬಚಾವು ಅನ್ನಿಸಬಹುದು. ಆದರೆ ಹೆಸರಿನ ಮುಂದೆ ಯಾವ ಫೋಲ್ಡರೂ ಇಲ್ಲದಿದ್ದಾಗ, ಪಿಎಚ್‌ಪಿಯದ್ದೇ ಫಿಲ್ಟರ್ ಸೌಲಭ್ಯ ಬಳಸಿ ಫೈಲನ್ನು ಬೇಸ್64 ರೂಪದಲ್ಲಿ ಹೊರತೆಗೆಯಬಹುದು. ಆಗ ಕೋಡ್ ಓಡುವುದಿಲ್ಲ, ಅಕ್ಷರವಾಗಿಯೇ ಬರುತ್ತದೆ.

ಓಡಿಸಿದರೆ ನಷ್ಟ ಇನ್ನೂ ದೊಡ್ಡದು. ದಾಳಿಕೋರರು ತಮ್ಮ ಕೋಡನ್ನು ಮೊದಲು ಸರ್ವರಿನಲ್ಲಿ ಎಲ್ಲಾದರೂ ಇಡಬೇಕು. ಫೋಟೋ ಅಪ್‌ಲೋಡ್ ಮಾಡುವ ಜಾಗ ಇದ್ದರೆ ಫೋಟೋ ಒಳಗೆ, ಇಲ್ಲದಿದ್ದರೆ ಸರ್ವರಿನ ಲಾಗ್ ಫೈಲಿನಲ್ಲಿ. ಇನ್‌ಕ್ಲೂಡ್‌ಗೆ ಫೈಲಿನ ಹೆಸರಿನ ಕೊನೆ ಮುಖ್ಯವಲ್ಲ, ಜೆಪಿಜಿಯೊಳಗೆ ಪಿಎಚ್‌ಪಿ ಕೋಡ್ ಇದ್ದರೂ ಓಡಿಸುತ್ತದೆ. ಒಮ್ಮೆ ಓಡಿತೆಂದರೆ ಸೈಟು ಅವರದ್ದು.

ಬರೀ ಓದುವ ದೋಷವೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸ್ಲೈಡರ್ ರೆವಲ್ಯೂಷನ್ ಸಾಕ್ಷಿ. ಚಿತ್ರ ತೋರಿಸಬೇಕಾದ ಜಾಗದಲ್ಲಿ ಕಾನ್ಫಿಗ್ ಫೈಲನ್ನೇ ಕೊಡುತ್ತಿದ್ದ ದೋಷ 2014ರಲ್ಲಿ ಅದರಲ್ಲಿ ಬಯಲಾಯಿತು. ಕಂಪನಿ ಸರಿಪಡಿಸಿದ ಆವೃತ್ತಿ ತಂದಿತ್ತು. ಆದರೆ ಆ ಪ್ಲಗಿನ್ ಎಷ್ಟೋ ಥೀಮ್‌ಗಳ ಜೊತೆ ಗಂಟುಹಾಕಿ ಬರುತ್ತಿತ್ತು. ಹಾಗಾಗಿ ತಮ್ಮ ಸೈಟಿನಲ್ಲಿ ಅದಿದೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಈ ಪ್ಲಗಿನ್ ಮೂಲಕ ಸೋಕ್‌ಸೋಕ್ ಎಂಬ ಮಾಲ್‌ವೇರ್ ಹಬ್ಬಿ, ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು.

ಇದು ಹಳೇ ಕಥೆ ಅನ್ನಬೇಡಿ. 2025ರಲ್ಲಿ ವೂಕಾಮರ್ಸ್ ಅಂಗಡಿಗಳು ಬಳಸುವ ಹಸ್ಕಿ ಎಂಬ ಫಿಲ್ಟರ್ ಪ್ಲಗಿನ್ನಿನಲ್ಲೂ ಇದೇ ದೋಷ ಸಿಕ್ಕಿತು (ಸಿವಿಇ-2025-1661). ಹುಡುಕಾಟದ ಫಲಿತಾಂಶ ಯಾವ ಟೆಂಪ್ಲೇಟಿನಲ್ಲಿ ಬರಬೇಕು ಎಂಬ ಹೆಸರನ್ನು ಬಳಕೆದಾರರಿಂದ ತೆಗೆದುಕೊಂಡು ನಂಬಿದ್ದೇ ಕಾರಣ. ತೀವ್ರತೆಯ ಅಂಕ 10ಕ್ಕೆ 9.8.

ಸರಿ ಮಾಡುವುದು ಹೇಗೆ?

ಮೊದಲು, ಸರಿಯಲ್ಲದ ದಾರಿ. ತುಂಬಾ ಜನ ../ ಕಂಡಲ್ಲಿ ಅಳಿಸಿಬಿಡುತ್ತಾರೆ. ಪೆನ್ನು ಹಿಡಿದು ನೋಡಿ: ....// ಎಂಬುದರ ನಡುವಿನ ../ ಅಳಿಸಿದರೆ ಉಳಿಯುವುದೇನು? ಮತ್ತೆ ../ ಉಳಿಯಿತು! ಕೆಟ್ಟದ್ದನ್ನು ಹುಡುಕಿ ತೆಗೆಯಲು ಹೊರಟರೆ ಕೊನೆಯೇ ಇಲ್ಲ. ಕೊನೆಯಲ್ಲಿ .ಪಿಎಚ್‌ಪಿ ಅಂತ ಅಂಟಿಸುವುದೂ ಪೂರ್ತಿ ಕಾಯುವುದಿಲ್ಲ, ಸರ್ವರಿನಲ್ಲಿರುವ ಬೇರೆ ಪಿಎಚ್‌ಪಿ ಫೈಲುಗಳನ್ನು ಆಗಲೂ ಕರೆಯಬಹುದು.

ಸರಿಯಾದ ದಾರಿ ಒಳ್ಳೆಯದರ ಪಟ್ಟಿ ಇಟ್ಟುಕೊಳ್ಳುವುದು:

ಪಟ್ಟಿ: ಪ್ರಸಂಗ → 1ನೇ ಫೈಲು, ಕಲಾವಿದರು → 2ನೇ ಫೈಲು, ಸಂಪರ್ಕ → 3ನೇ ಫೈಲು
ಬಂದ ಹೆಸರು ಪಟ್ಟಿಯಲ್ಲಿ ಇದ್ದರೆ → ಪಟ್ಟಿಯಲ್ಲಿರುವ ಫೈಲನ್ನು ಇನ್‌ಕ್ಲೂಡ್ ಮಾಡು
ಇಲ್ಲದಿದ್ದರೆ → 404

ವ್ಯತ್ಯಾಸ ಗಮನಿಸಿ. ಬಳಕೆದಾರರು ಬರೆದದ್ದು ಇನ್‌ಕ್ಲೂಡ್ ತನಕ ಹೋಗುವುದೇ ಇಲ್ಲ. ಅವರು ಆರಿಸುತ್ತಾರೆ, ದಾರಿ ಬರೆಯುವವರು ನಾವು. ಭಾಗವತರು ಚೀಟಿ ನೋಡಿದರೂ ಹಾಡುವುದು ತಮ್ಮ ಪುಸ್ತಕದಲ್ಲಿರುವ ಪದ್ಯವನ್ನೇ.

ಫೈಲುಗಳು ತುಂಬಾ ಇದ್ದು ಪಟ್ಟಿ ಕಷ್ಟವಾದರೆ, ಪಿಎಚ್‌ಪಿಯ ರಿಯಲ್‌ಪಾತ್ ಫಂಕ್ಷನ್ನಿನಿಂದ ನಿಜವಾದ ಪೂರ್ತಿ ದಾರಿ ತೆಗೆದು, ಅದು ನಮ್ಮ ಫೋಲ್ಡರಿನ ಒಳಗೇ ಇದೆಯಾ ಅಂತ ಪರೀಕ್ಷಿಸಬೇಕು. ವರ್ಡ್‌ಪ್ರೆಸ್ ಪ್ಲಗಿನ್ ಬರೆಯುವವರು ಪ್ರತಿ ಫೈಲಿನ ಮೊದಲ ಸಾಲಿನಲ್ಲೇ ಆಬ್‌ಸ್‌ಪಾತ್ ಎಂಬ ಸ್ಥಿರಾಂಕ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ನಿಲ್ಲಿಸಬೇಕು. ಆಗ ಫೈಲನ್ನು ಹೊರಗಿನಿಂದ ನೇರ ಕರೆಯಲು ಆಗುವುದಿಲ್ಲ. ಮೇಲ್ ಮಾಸ್ಟಾದ ಆ ಫೈಲಿನಲ್ಲಿ ಈ ಒಂದು ಸಾಲು ಇದ್ದಿದ್ದರೆ ಡಿಆಕ್ಟಿವೇಟ್ ಮಾಡಿದವರಾದರೂ ಉಳಿಯುತ್ತಿದ್ದರು.

ನಾವು ಮಾಡಿಕೊಟ್ಟ ಸೈಟುಗಳಿಗೆ ಒಂದು ಭಾನುವಾರ

1. ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ಬಳಸದ ಪ್ಲಗಿನ್, ಥೀಮ್ ಎಲ್ಲವನ್ನೂ ಡಿಲೀಟ್ ಮಾಡಿ.

2. ಉಳಿದವಕ್ಕೆ ಆಟೋ ಅಪ್‌ಡೇಟ್ ಆನ್ ಮಾಡಿ. 2020ರ ವರ್ಡ್‌ಪ್ರೆಸ್ 5.5ರಿಂದ ಪ್ಲಗಿನ್ ಪಟ್ಟಿಯಲ್ಲೇ ಈ ಸೌಲಭ್ಯ ಇದೆ.

3. ಥೀಮ್ ಜೊತೆ ಗಂಟುಹಾಕಿ ಬಂದ ಪ್ಲಗಿನ್‌ಗಳನ್ನು ಬೇರೆಯಾಗಿ ನೋಡಿ, ಅವು ತಾವಾಗಿ ಅಪ್‌ಡೇಟ್ ಆಗದೇ ಇರಬಹುದು.

4. ಪ್ರತಿ ಪ್ಲಗಿನ್ನಿನ ಅಧಿಕೃತ ಪುಟ ತೆರೆಯಿರಿ. ಅದನ್ನು ಮುಚ್ಚಿದ್ದರೆ ಹೊಸ ಅಪ್‌ಡೇಟ್ ಬರುವುದಿಲ್ಲ. "ಅಪ್‌ಡೇಟ್ ಏನೂ ಬಾಕಿ ಇಲ್ಲ" ಎಂದು ಡ್ಯಾಶ್‌ಬೋರ್ಡ್ ತೋರಿಸಿದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ಅಲ್ಲ.

5. ಆಕ್ಸೆಸ್ ಲಾಗಿನಲ್ಲಿ ../ ಸಾಲುಗಳನ್ನು ಹುಡುಕಿ. ಬರೀ ಪ್ರಯತ್ನ ಕಂಡರೆ ಗಾಬರಿ ಬೇಡ, ಬಾಟ್‌ಗಳು ದಿನಾ ಎಲ್ಲ ಸೈಟುಗಳ ಬಾಗಿಲು ಬಡಿಯುತ್ತವೆ. ಒಳಗೆ ಬಂದ ಗುರುತು ಕಂಡರೆ ಸೈಟ್ ನಿಲ್ಲಿಸಿ, ಡೇಟಾಬೇಸ್ ಪಾಸ್‌ವರ್ಡ್, ರಹಸ್ಯ ಕೀ, ಅಡ್ಮಿನ್ ಪಾಸ್‌ವರ್ಡ್ ಎಲ್ಲ ಬದಲಿಸಿ, ಸ್ವಚ್ಛವಾದ ಬ್ಯಾಕಪ್‌ನಿಂದ ಕಟ್ಟಿ. ಸಮಿತಿಯವರಿಗೆ ಮುಚ್ಚಿಡದೆ ಹೇಳಿ, ಯಾಕಂದ್ರೆ ಹೋದದ್ದು ಊರಿನವರ ಮಾಹಿತಿ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ವರದಿ ಮಾಡಬಹುದು.

6. ನೀವು ಪಾಸಾಗಿ ಹೊರಡುವ ಮೊದಲು ಸೈಟನ್ನು ಜೂನಿಯರ್ ಒಬ್ಬರಿಗೆ ಒಪ್ಪಿಸಿ. ನೋಡಿಕೊಳ್ಳುವವರೇ ಇಲ್ಲದಿದ್ದರೆ ಪ್ಲಗಿನ್ ಇಲ್ಲದ ಸಾದಾ ಎಚ್‌ಟಿಎಂಎಲ್ ಪುಟ ಮಾಡಿಬಿಡಿ. ಉತ್ಸವದ ಫೋಟೋ ತೋರಿಸಲು ಅಷ್ಟು ಸಾಕು.

ಕಲಿಯಿರಿ, ಆದರೆ ಬೇರೆಯವರ ಅಂಗಳದಲ್ಲಿ ಅಲ್ಲ

ಇದನ್ನು ಓದಿದ ತಕ್ಷಣ ಪಕ್ಕದೂರಿನ ಸೈಟಿಗೆ ../ ಹಾಕಿ ನೋಡುವ ಆಸೆ ಬಂದೇ ಬರುತ್ತದೆ. ಬೇಡ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ನಿಗೆ ಬರುತ್ತದೆ. ದುರುದ್ದೇಶ ಇದ್ದರೆ 66ನೇ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. "ಸುಮ್ನೆ ನೋಡಿದ್ದು" ಅಂತ ಆಮೇಲೆ ಪೊಲೀಸರ ಮುಂದೆ ಹೇಳಿಕೊಳ್ಳುವ ಪರಿಸ್ಥಿತಿ ಯಾಕೆ?

ಅಭ್ಯಾಸಕ್ಕೆಂದೇ ಡ್ಯಾಮ್ ವಲ್ನರಬಲ್ ವೆಬ್ ಅಪ್ಲಿಕೇಶನ್ ಎಂಬ ಉಚಿತ ತಂತ್ರಾಂಶ ಇದೆ. ಬೇಕೆಂದೇ ದೋಷ ಇಟ್ಟು ಮಾಡಿದ್ದು, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಾಕಿ, ನೆಟ್‌ವರ್ಕಿಗೆ ತೆರೆದಿಡಬೇಡಿ. ಅದರಲ್ಲಿ ಫೈಲ್ ಇನ್‌ಕ್ಲೂಷನ್ ಪಾಠ ನಾಲ್ಕು ಹಂತದಲ್ಲಿದೆ: ಲೋ, ಮೀಡಿಯಂ, ಹೈ, ಇಂಪಾಸಿಬಲ್. ಮೀಡಿಯಂ ಹಂತದ ಕೋಡ್ ತೆರೆದು, ಮೇಲೆ ಹೇಳಿದ "ಅಳಿಸುವ" ಉಪಾಯ ಅಲ್ಲಿ ಹೇಗೆ ಸೋಲುತ್ತದೆ ಅಂತ ಮಾಡಿ ನೋಡಿ. ಆಮೇಲೆ ಇಂಪಾಸಿಬಲ್ ಹಂತದ ಕೋಡ್ ತೆರೆಯಿರಿ. ಅದು ಎಷ್ಟು ಸಣ್ಣದಿದೆ, ಅದರಲ್ಲಿ ಇರುವುದು ಯಾವ ಉಪಾಯ ಅಂತ ನೀವೇ ಕಂಡುಕೊಳ್ಳಿ. ಬಳಿಕ ನಿಮ್ಮ ಮಿನಿ ಪ್ರಾಜೆಕ್ಟಿನ ಕೋಡಿನಲ್ಲಿ ಇನ್‌ಕ್ಲೂಡ್ ಎಂಬ ಪದ ಹುಡುಕಿ, ಪ್ರತಿ ಸಾಲಿನ ಮುಂದೆಯೂ ಈ ಪ್ರಶ್ನೆ ಕೇಳಿ: ಈ ಫೈಲಿನ ಹೆಸರು ಎಲ್ಲಿಂದ ಬಂತು?