ಅಯೋಡಿನ್ ಚಿಕಿತ್ಸೆಯಾದ ಮೇಲೆ ಬಾಯಿ ಒಣಗಿದರೆ
ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ತೆಗೆದುಕೊಂಡು ಚಳ್ಳಕೆರೆ, ಮೊಳಕಾಲ್ಮೂರಿಗೆ ಮರಳಿದವರಿಗೆ ಒಂದು ಮಾತು. ಆ ಅಯೋಡಿನ್ ಅನ್ನು ಜೊಲ್ಲುಗ್ರಂಥಿಗಳೂ ಹೀರಿಕೊಳ್ಳುತ್ತವೆ. ಹಾಗಾಗಿ ಕೆಲವರಿಗೆ, ಅದೂ ತಿಂಗಳುಗಳ ನಂತರ, ಊಟಕ್ಕೆ ಕೂತಾಗಲೇ ಕಿವಿಯ ಮುಂದೆ ಊದಿ ನೋಯುತ್ತದೆ. ಹೆದರಬೇಡಿ. ಬಿಸಿಬಟ್ಟೆಯ ಕಾವು ಕೊಟ್ಟು, ಕೆನ್ನೆಯನ್ನು ಬಾಯಿಯ ಕಡೆಗೆ ಮೆಲ್ಲಗೆ ನೀವಿ. ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನಮ್ಮ ಕಡೆಯ ಬಿಸಿಲಿಗೆ ನೀರಿನ ಬಾಟಲಿ ಕೈಯಲ್ಲೇ ಇರಲಿ. ಒಣರೊಟ್ಟಿಗಿಂತ ತೆಳುಸಾರಿನ ಜೊತೆ ಮುದ್ದೆ ಸಲೀಸಾಗಿ ಇಳಿಯುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಹಲ್ಲಿನ ವೈದ್ಯರಿಗೆ ಈ ಚಿಕಿತ್ಸೆಯ ವಿಷಯ ಮುಚ್ಚಿಡಬೇಡಿ.

ಇನ್ನು ಚಿಕಿತ್ಸೆಗೆ ಹೊರಟವರು: ಜೊಲ್ಲು ಹರಿಯಲೆಂದು ನಿಂಬೆಹುಳಿಯ ಪೆಪ್ಪರಮೆಂಟನ್ನು ಅಯೋಡಿನ್ ತೆಗೆದುಕೊಂಡ ಮೊದಲ ಗಂಟೆಯಲ್ಲೇ ಚೀಪಿದವರಿಗಿಂತ 24 ಗಂಟೆ ಕಳೆದು ಚೀಪಿದವರಿಗೆ ತೊಂದರೆ ಕಡಿಮೆಯೆಂದು 2005ರ ಜಪಾನಿ ಅಧ್ಯಯನ ಕಂಡುಕೊಂಡಿತು. ನಿಮಗೆ ಯಾವಾಗ ಎಂಬುದನ್ನು ವೈದ್ಯರನ್ನು ಕೇಳಿಯೇ ಹೊರಡಿ.